ಎಕ್ಸಲೇಟರ್ ಕೊಟ್ಟ ಕೂಡಲೇ ಗಾಡಿ ತಡವರಿಸುವುದೇಕೆ?

ಪ್ರಶ್ನೆ: ನಮ್ಮ ತಂದೆಯವರ ಕಾಲದ ಯಮಹಾ ಆರ್‌ಎಕ್ಸ್ 100 ನನ್ನ ಬಳಿ ಇದೆ. ಕಳೆದ ವರ್ಷ ಬೆಂಗಳೂರಿನಲ್ಲಿದ್ದಾಗ ಎಂಜಿನ್ ಕೆಲಸ ಮಾಡಿಸಿ, 28 ಎಂ.ಎಂ. ಕಾರ್ಬುರೇಟರ್ ಹಾಕಿಸಿದೆ. ಸ್ಲೋ ಚೆನ್ನಾಗಿ ನಿಲ್ಲುತ್ತದೆ, ಓಟ ಹಿಡಿದ ಮೇಲೆ ಎಳೆತಕ್ಕೂ ಮೋಸವಿಲ್ಲ. ಆದರೆ ಹರಪನಹಳ್ಳಿ ರಸ್ತೆಯಲ್ಲಿ ಲಾರಿ ಹಿಂದಿಕ್ಕಲು ಒಮ್ಮೆಲೇ ಎಕ್ಸಲೇಟರ್ ಕೊಟ್ಟರೆ ಒಂದು ಕ್ಷಣ ಗಾಡಿ ಸತ್ತಂತಾಗಿ ಆಮೇಲೆ ಜಿಗಿಯುತ್ತದೆ. ಬೆಳಗಿನ ಜಾವ ಮಲ್ಲಿಗೆ ಮೊಗ್ಗು ಒಯ್ಯುವಾಗ ಈ ಕಾಟ ಹೆಚ್ಚು, ಮಧ್ಯಾಹ್ನ ಕಡಿಮೆ. ಬೆಂಗಳೂರಿನಲ್ಲಿ ಇಷ್ಟು ತೊಂದರೆ ಇರಲಿಲ್ಲ. ಮೇನ್ ಜೆಟ್ ಬದಲಿಸಿ ಬದಲಿಸಿ ಸಾಕಾಗಿದೆ. ಕಾರಣವೇನು? ಮನೆಯಲ್ಲೇ ಸರಿಮಾಡಿಕೊಳ್ಳಬಹುದೇ?
— ಓದುಗರೊಬ್ಬರು, ಹೂವಿನಹಡಗಲಿ

ಉತ್ತರ: ಖಂಡಿತ ಸರಿಮಾಡಿಕೊಳ್ಳಬಹುದು. ಒಂದು ಸ್ಕ್ರೂಡ್ರೈವರ್, ಪ್ಲಗ್ ಸ್ಪ್ಯಾನರ್, ನಾಲ್ಕಾರು ಜೆಟ್, ಜೊತೆಗೆ ಒಂದಿಷ್ಟು ತಾಳ್ಮೆ ಇದ್ದರೆ ಸಾಕು. ಆದರೆ ಮೇನ್ ಜೆಟ್ ತಂಟೆಗೆ ಸದ್ಯ ಹೋಗಬೇಡಿ. ನೀವು ಹೇಳುತ್ತಿರುವ ತಡವರಿಕೆ ಹುಟ್ಟುವುದು ಎಕ್ಸಲೇಟರ್ ತೆರೆಯುವ ಮೊದಲ ಭಾಗದಲ್ಲಿ. ಮೇನ್ ಜೆಟ್ ಅಧಿಕಾರ ನಡೆಸುವುದು ಮುಕ್ಕಾಲು ತೆರೆದ ನಂತರ. ಅಲ್ಲಿ ಎಷ್ಟು ನಂಬರ್ ಬದಲಿಸಿದರೂ ಇಲ್ಲಿನ ರೋಗ ವಾಸಿಯಾಗದು.

ಕಾರ್ಬುರೇಟರ್ ಹದಮಾಡುವವರೆಲ್ಲ ಮೊದಲು ಕಲಿಯಬೇಕಾದ ಪಾಠ ಇದು: ಗಾಡಿಯ ವೇಗ ಎಷ್ಟಿತ್ತು ಎಂಬುದಕ್ಕಿಂತ ಎಕ್ಸಲೇಟರ್ ಎಷ್ಟು ತೆರೆದಿತ್ತು ಎಂಬುದನ್ನು ನೋಡಬೇಕು. ತಪ್ಪು ಯಾವ ತೆರವಿನಲ್ಲಿ ಕಾಣಿಸುತ್ತದೋ ಆ ತೆರವನ್ನು ಆಳುವ ಭಾಗವನ್ನಷ್ಟೇ ಮುಟ್ಟಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಇಷ್ಟು ಪಾಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಆ ಒಂದು ಕ್ಷಣದಲ್ಲಿ ಏನಾಗುತ್ತದೆ?

ಕಾರ್ಬುರೇಟರಿನ ನಡುವಿನ ಕಿರಿದಾದ ದಾರಿಯಲ್ಲಿ ಗಾಳಿ ವೇಗವಾಗಿ ಹಾಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಇಟಲಿಯ ವಿಜ್ಞಾನಿ ವೆಂಚುರಿ ಇಂಥ ಹರಿವಿನ ಬಗ್ಗೆ ಬರೆದದ್ದು 1797ರಲ್ಲಿ; ಕಾರ್ಬುರೇಟರಿನ ಈ ಕಿರುದಾರಿಗೆ ಇಂದಿಗೂ ಅವರದೇ ಹೆಸರು. ಒತ್ತಡ ಇಳಿದ ಆ ಜಾಗಕ್ಕೆ ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಜೆಟ್ ಮೂಲಕ ಏರಿ, ತುಂತುರಾಗಿ ಗಾಳಿಯೊಂದಿಗೆ ಬೆರೆಯುತ್ತದೆ. ಅಂದರೆ ಪೆಟ್ರೋಲನ್ನು ಮೇಲಕ್ಕೆ ತರುವುದು ಗಾಳಿಯ ವೇಗವೇ ಹೊರತು ಬೇರೆ ಯಾವ ಪಂಪೂ ಅಲ್ಲ.

ನೀವು ಎಕ್ಸಲೇಟರನ್ನು ಒಮ್ಮೆಲೇ ತಿರುವಿದಾಗ ಸ್ಲೈಡ್ ಮೇಲಕ್ಕೆ ಎದ್ದು ದಾರಿ ಪೂರ್ತಿ ತೆರೆದುಕೊಳ್ಳುತ್ತದೆ. ಗಾಳಿ ಹಗುರ, ತಕ್ಷಣ ನುಗ್ಗುತ್ತದೆ. ಪೆಟ್ರೋಲ್ ಅದಕ್ಕಿಂತ ಸುಮಾರು 600 ಪಟ್ಟು ಸಾಂದ್ರ. ಜೆಟ್ಟಿನೊಳಗೆ ನಿಂತಿದ್ದ ಅದು ಕದಲಿ ಮೇಲೇರಲು ತುಸು ಹೊತ್ತು ಬೇಕು. ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಜಿಗಿದು ಇನ್ನೊಂದು ನಿಂತೇ ಇದ್ದರೆ ಬಂಡಿ ಹೊರಳುತ್ತದಲ್ಲ, ಅದೇ ಸ್ಥಿತಿ ಇಲ್ಲಿಯದು. ಎಂಜಿನ್ನಿಗೆ ಆ ಗಳಿಗೆಯಲ್ಲಿ ಸಿಗುವುದು ಬರೀ ಗಾಳಿ. ಕಿಡಿ ಹಾರಿದರೂ ಹೊತ್ತಿಕೊಳ್ಳಲು ಬೇಕಾದಷ್ಟು ಪೆಟ್ರೋಲ್ ಇರುವುದಿಲ್ಲ. ಪೆಟ್ರೋಲ್ ತಲುಪಿದ ಮೇಲೆ ಗಾಡಿ ಜಿಗಿಯುತ್ತದೆ.

ಎಲ್ಲ ಕಾರ್ಬುರೇಟರಿಗೂ ಈ ಗುಣ ಇದ್ದದ್ದೇ. ಕಂಪನಿಯವರು ಎಂಜಿನ್ನಿಗೆ ತಕ್ಕ ಅಳತೆ ಇಟ್ಟು, ಆರಂಭದಲ್ಲಿ ತುಸು ಹೆಚ್ಚು ಪೆಟ್ರೋಲ್ ಸಿಗುವಂತೆ ಹೊಂದಿಸಿ ಅದನ್ನು ಮರೆಮಾಡಿರುತ್ತಾರೆ. ದೊಡ್ಡ ಕಾರ್ಬುರೇಟರ್ ಹಾಕಿದಾಗ ಆ ಹೊಂದಾಣಿಕೆ ಕಳಚುತ್ತದೆ.

28 ಎಂ.ಎಂ. ಎಷ್ಟು ದೊಡ್ಡದು?

ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್ 100, 98 ಸಿಸಿಯ ಟೂ ಸ್ಟ್ರೋಕ್ ಗಾಡಿ. ಶಕ್ತಿ ಸುಮಾರು 11 ಎಚ್‌ಪಿ. ಅದರೊಂದಿಗೆ ಬಂದ ಮಿಕುನಿ ಕಾರ್ಬುರೇಟರಿನ ಬಾಯಿ 20 ಎಂ.ಎಂ. ಅದರ ವಿಸ್ತೀರ್ಣ 314 ಚದರ ಮಿಲಿಮೀಟರ್. 28 ಎಂ.ಎಂ. ಬಾಯಿಯದು 616. ಹೆಸರಿನಲ್ಲಿ ಎಂಟೇ ಮಿಲಿಮೀಟರ್ ವ್ಯತ್ಯಾಸ, ದಾರಿಯ ವಿಸ್ತೀರ್ಣ ಮಾತ್ರ ಹೆಚ್ಚುಕಡಿಮೆ ಎರಡರಷ್ಟು.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. 98 ಸಿಸಿ ಎಂಜಿನ್ 3000 ಆರ್‌ಪಿಎಂನಲ್ಲಿ ಪ್ರತಿ ಸುತ್ತಿಗೂ ಪೂರ್ತಿ ಗಾಳಿ ತುಂಬಿಕೊಳ್ಳುತ್ತದೆಂದೇ ಇಟ್ಟುಕೊಂಡರೂ ನಿಮಿಷಕ್ಕೆ 294 ಲೀಟರ್ ಎಳೆಯುತ್ತದೆ. ಪೂರ್ತಿ ತೆರೆದ 20 ಎಂ.ಎಂ. ಬಾಯಲ್ಲಿ ಆ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ 15 ಮೀಟರಿಗಿಂತ ತುಸು ಹೆಚ್ಚು. 28 ಎಂ.ಎಂ. ಬಾಯಲ್ಲಿ ಬರೀ 8 ಮೀಟರ್. ಪೆಟ್ರೋಲ್ ಎಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ, ವೇಗ ಅರ್ಧವಾದರೆ ಎಳೆತ ಕಾಲು ಭಾಗಕ್ಕೆ ಕುಸಿಯುತ್ತದೆ. ಆರ್‌ಪಿಎಂ ಏರಿದ ಮೇಲೆ ಗಾಳಿಯ ವೇಗ ಕೂಡಿಬರುತ್ತದೆ, ಆಗ ದೊಡ್ಡ ಬಾಯಿ ಲಾಭ ಕೊಡುತ್ತದೆ. ಓಟ ಹಿಡಿದ ಮೇಲೆ ಗಾಡಿ ಜೋರಾಗಿ ಎಳೆಯುವುದೂ, ಲಾರಿ ಹಿಂದೆ ನಿಧಾನ ಹೋಗುತ್ತಿದ್ದಾಗ ಎಕ್ಸಲೇಟರ್ ಕೊಟ್ಟರೆ ಉಸಿರು ಕಟ್ಟುವುದೂ ಒಂದೇ ಕಾರಣದ ಎರಡು ಮುಖ.

ಲೀನೋ, ರಿಚ್ಚೋ?

ಪೆಟ್ರೋಲ್ ಕಡಿಮೆಯಾದರೂ (ಲೀನ್) ಗಾಡಿ ತಡವರಿಸುತ್ತದೆ, ಹೆಚ್ಚಾದರೂ (ರಿಚ್) ತಡವರಿಸುತ್ತದೆ. ಎರಡಕ್ಕೂ ಮದ್ದು ತದ್ವಿರುದ್ಧ. ಹೀಗಾಗಿ ಸ್ಕ್ರೂ ಮುಟ್ಟುವ ಮೊದಲು ಯಾವುದೆಂದು ಖಚಿತ ಮಾಡಿಕೊಳ್ಳಬೇಕು.

ನಿಮ್ಮ ಪತ್ರದಲ್ಲೇ ಎರಡು ಒಳ್ಳೆಯ ಸುಳಿವುಗಳಿವೆ. ಒಂದು, ಬೆಳಗಿನ ಜಾವ ಹೆಚ್ಚು, ಮಧ್ಯಾಹ್ನ ಕಡಿಮೆ ಎಂಬುದು. ತಂಪು ಗಾಳಿ ಸಾಂದ್ರವಾಗಿರುತ್ತದೆ. ಡಿಸೆಂಬರ್ ಮುಂಜಾನೆಯ 15 ಡಿಗ್ರಿಯ ಗಾಳಿಗೂ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯ ಗಾಳಿಗೂ ಸಾಂದ್ರತೆಯಲ್ಲಿ ಶೇ 8ರಷ್ಟು ಅಂತರ ಬೀಳುತ್ತದೆ. ಕಾರ್ಬುರೇಟರ್ ಇದನ್ನು ತಾನಾಗಿ ಸರಿದೂಗಿಸಿಕೊಳ್ಳದು. ಈ ಅಂತರದ ಸುಮಾರು ಅರ್ಧದಷ್ಟು ವ್ಯತ್ಯಾಸ ಮಿಶ್ರಣದಲ್ಲಿ ಉಳಿಯುತ್ತದೆ. ಮೇಲಾಗಿ ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಆವಿಯಾಗುವುದೂ ಕಡಿಮೆ. ಎರಡು, ಬೆಂಗಳೂರಿನಲ್ಲಿ ಇಷ್ಟು ತೊಂದರೆ ಇರಲಿಲ್ಲ ಎಂಬುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹಡಗಲಿ ಸುಮಾರು 500 ಮೀಟರ್. ಆ 400 ಮೀಟರ್ ಇಳಿದು ಬಂದಾಗ ಗಾಳಿ ಶೇ 4ರಷ್ಟು ದಟ್ಟವಾಗುತ್ತದೆ. ಅಲ್ಲಿ ಅಂಚಿನಲ್ಲಿ ಸರಿಯಿದ್ದ ಮಿಶ್ರಣ ಇಲ್ಲಿ ಲೀನ್ ಕಡೆಗೆ ಜಾರಿರುತ್ತದೆ. ಎರಡೂ ಸುಳಿವು ಲೀನ್ ಎಂದೇ ಬೊಟ್ಟು ಮಾಡುತ್ತವೆ.

ಆದರೂ ಊಹೆಯ ಮೇಲೆ ಜೆಟ್ ಬದಲಿಸಬಾರದು. ಮೂರು ಪರೀಕ್ಷೆ ಮಾಡಿ.

ಮೊದಲನೆಯದು ಚೋಕ್ ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಚೋಕ್ ಅರ್ಧ ಎಳೆದು, ತಡವರಿಸುತ್ತಿದ್ದ ರೀತಿಯಲ್ಲೇ ಎಕ್ಸಲೇಟರ್ ಕೊಡಿ. ತಡವರಿಕೆ ತಗ್ಗಿದರೆ ಲೀನ್. ಇನ್ನೂ ಕೆಟ್ಟರೆ ರಿಚ್.

ಎರಡನೆಯದು ನಿಧಾನದ ಪರೀಕ್ಷೆ. ಅದೇ ಗೇರಿನಲ್ಲಿ, ಅದೇ ವೇಗದಿಂದ ಎಕ್ಸಲೇಟರನ್ನು ಮೆಲ್ಲಗೆ ತೆರೆಯುತ್ತ ಹೋಗಿ. ಮೆಲ್ಲಗೆ ತೆರೆದಾಗ ಒಂದೇ ಸಮ ಎಳೆದು, ಒಮ್ಮೆಲೇ ತೆರೆದಾಗ ಮಾತ್ರ ಕುಸಿದರೆ ಮಿಶ್ರಣ ಹೆಚ್ಚುಕಡಿಮೆ ಸರಿಯಿದೆ, ಆರಂಭದ ಗಳಿಗೆಗೆ ಬೇಕಾದ ಹೆಚ್ಚುವರಿ ಪೆಟ್ರೋಲ್ ಮಾತ್ರ ಸಾಲುತ್ತಿಲ್ಲ. ಮೆಲ್ಲಗೆ ತೆರೆದಾಗಲೂ ಅದೇ ಜಾಗದಲ್ಲಿ ತಡವರಿಸಿದರೆ ಆ ತೆರವಿನ ಮಿಶ್ರಣವೇ ತಪ್ಪಿದೆ.

ಮೂರನೆಯದು ಕಿವಿಯ ಪರೀಕ್ಷೆ. ಲೀನ್ ಆದ ಟೂ ಸ್ಟ್ರೋಕ್ ಎಂಜಿನ್ ಹೊಗೆಯಿಲ್ಲದೆ ‘ಹೂಂ’ ಎಂದು ಟೊಳ್ಳಾಗಿ ಕುಸಿಯುತ್ತದೆ. ರಿಚ್ ಆದರೆ ಸುತ್ತು ಬಿಟ್ಟು ಸುತ್ತು ಹೊತ್ತಿಕೊಂಡು ಬುಡುಬುಡು ಎಂದು ಮುಗ್ಗರಿಸುತ್ತದೆ, ಸೈಲೆನ್ಸರಿನಿಂದ ದಟ್ಟ ಹೊಗೆಯೂ ಬರುತ್ತದೆ.

ಕಾರ್ಬುರೇಟರ್ ಬಿಚ್ಚುವ ಮೊದಲು

ಹೊರಗಿನ ದೋಷವನ್ನು ಜೆಟ್ಟಿನಿಂದ ಮುಚ್ಚಲು ಹೋದರೆ ಕೆಲಸ ಎರಡಾಗುತ್ತದೆ. ಮೊದಲು ಇವನ್ನು ನೋಡಿಕೊಳ್ಳಿ.

ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಜೋಡಣೆ ಬಿರುಕು ಬಿಟ್ಟಿದೆಯೇ? 28 ಎಂ.ಎಂ. ಕೂರಿಸಲು ಬೇರೆ ಜೋಡಣೆ ಹಾಕಿರುತ್ತಾರೆ. ಅದರ ಕ್ಲಾಂಪ್ ಸಡಿಲವಿದ್ದರೆ ಕಳ್ಳಗಾಳಿ ಒಳಸೇರುತ್ತದೆ. ಎಕ್ಸಲೇಟರ್ ಬಿಟ್ಟ ಮೇಲೂ ಎಂಜಿನ್ ತಕ್ಷಣ ಸ್ಲೋಗೆ ಇಳಿಯದೆ ಮೇಲೇ ತೂಗಾಡಿದರೆ ಕಳ್ಳಗಾಳಿಯ ಅನುಮಾನ ಬಲವಾಗುತ್ತದೆ. ಸ್ಲೋನಲ್ಲಿ ಓಡುತ್ತಿರುವಾಗ ಜೋಡಣೆಯ ಸುತ್ತ ಸಾಬೂನು ನೀರು ಚಿಮುಕಿಸಿ. ಎಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ ಇದೆ. ಇದಕ್ಕೆ ಪೆಟ್ರೋಲ್ ಮಾತ್ರ ಬಳಸಬೇಡಿ, ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ.

ಕಾರ್ಬುರೇಟರ್ ನೆಟ್ಟಗೆ ಕೂತಿದೆಯೇ? ಪಕ್ಕಕ್ಕೆ ವಾಲಿದ್ದರೆ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಮಟ್ಟ ತಪ್ಪುತ್ತದೆ. ಮಟ್ಟ ತಗ್ಗಿದ್ದರೆ ಪೆಟ್ರೋಲ್ ಏರಬೇಕಾದ ದೂರ ಹೆಚ್ಚಿ, ಎಕ್ಸಲೇಟರ್ ಕೊಟ್ಟ ಗಳಿಗೆಯ ವಿಳಂಬವೂ ಹೆಚ್ಚುತ್ತದೆ. ಫ್ಲೋಟ್ ಎತ್ತರವನ್ನು ಆ ಕಾರ್ಬುರೇಟರಿಗೆ ಹೇಳಿದ ಅಳತೆಗೆ ತನ್ನಿ. ಟ್ಯಾಂಕಿನ ಕಾಕ್‌ನಿಂದ ಪೆಟ್ರೋಲ್ ಧಾರಾಳವಾಗಿ ಇಳಿಯುತ್ತದೆಯೇ ನೋಡಿ. ಆರ್‌ಎಕ್ಸ್ ಎಂಜಿನ್ನಿಗೆ ಗಾಳಿ ಒಳಬರುವುದು ರೀಡ್ ವಾಲ್ವ್ ಮೂಲಕ. ಅದರ ಎಲೆಗಳ ಅಂಚು ಸೀಳಿದ್ದರೆ ಅಥವಾ ಸರಿಯಾಗಿ ಮುಚ್ಚದಿದ್ದರೆ ಕೆಳ ಆರ್‌ಪಿಎಂನ ಎಳೆತ ಹಾಳಾಗುತ್ತದೆ. ಪ್ಲಗ್ ಹೊಸದಿರಲಿ. ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿದ್ದರೆ ತೆಗೆಸಿ.

ಏರ್ ಫಿಲ್ಟರ್ ಡಬ್ಬಿ ತೆಗೆದು ಬಾಯಿ ಬಿಟ್ಟ ಫಿಲ್ಟರ್ ಹಾಕಿದ್ದರೆ ಮೂಲ ಡಬ್ಬಿಯನ್ನೇ ಮತ್ತೆ ಹಾಕಿ. ತೆರೆದ ಫಿಲ್ಟರ್ ಮಿಶ್ರಣವನ್ನು ಇನ್ನಷ್ಟು ಲೀನ್ ಮಾಡುತ್ತದೆ. ಎರೆ ಹೊಲದ ದಾರಿಯ ಧೂಳು ಅದರಿಂದ ನುಸುಳಿ ಸಿಲಿಂಡರ್ ಗೋಡೆಯನ್ನು ತೇಯುತ್ತದೆ. ಆ ನಷ್ಟವನ್ನು ಯಾವ ಜೆಟ್ಟೂ ತುಂಬಿಕೊಡದು.

ನಾಲ್ಕು ಭಾಗ, ನಾಲ್ಕು ಒಡೆತನ

ಹ್ಯಾಂಡಲಿನ ಎಕ್ಸಲೇಟರ್ ಹಿಡಿಗೆ ಒಂದು ಸುತ್ತು ಬಿಳಿ ಟೇಪ್ ಸುತ್ತಿ. ಅದರ ಪಕ್ಕದ ಸ್ವಿಚ್ ಗೂಡಿನ ಮೇಲೆ ಒಂದು ಗೆರೆ ಎಳೆಯಿರಿ. ಎಕ್ಸಲೇಟರ್ ಪೂರ್ತಿ ಬಿಟ್ಟಾಗ, ಕಾಲು, ಅರ್ಧ, ಮುಕ್ಕಾಲು ಮತ್ತು ಪೂರ್ತಿ ತೆರೆದಾಗ ಆ ಗೆರೆಗೆ ಎದುರಾಗುವ ಜಾಗಗಳನ್ನು ಟೇಪಿನ ಮೇಲೆ ಗುರುತು ಮಾಡಿ. ಇಷ್ಟು ಸಣ್ಣ ಕೆಲಸ ಮಾಡಿದ ಮೇಲೆ ‘ಎಲ್ಲೋ ನಡುವೆ ತಡವರಿಸುತ್ತದೆ’ ಎಂಬ ಮಾತು ಹೋಗಿ ‘ಕಾಲು ಭಾಗಕ್ಕಿಂತ ಮೊದಲೇ ತಡವರಿಸುತ್ತದೆ’ ಎಂದು ಖಚಿತವಾಗಿ ಹೇಳಬಲ್ಲಿರಿ.

ಸ್ಲೈಡ್ ಇರುವ ಕಾರ್ಬುರೇಟರಿನಲ್ಲಿ ಮುಚ್ಚಿದ ಸ್ಥಿತಿಯಿಂದ ಎಂಟನೇ ಒಂದು ಭಾಗದವರೆಗೆ ಸ್ಲೋ ಜೆಟ್ ಮತ್ತು ಏರ್ ಸ್ಕ್ರೂ ಆಳುತ್ತವೆ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕೆಳ ಅಂಚಿನ ಕತ್ತರಿಕೆ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್. ಮುಕ್ಕಾಲಿನಿಂದ ಪೂರ್ತಿಯವರೆಗೆ ಮೇನ್ ಜೆಟ್. ಒಂದರ ಗಡಿ ಇನ್ನೊಂದರೊಳಗೆ ತುಸು ಚಾಚಿಕೊಂಡಿರುತ್ತದೆ, ಗೆರೆ ಕೊರೆದಂತೆ ಇರುವುದಿಲ್ಲ.

ನೀವು ಬದಲಿಸಿ ನೋಡಿದ ಮೇನ್ ಜೆಟ್‌ಗಳಲ್ಲಿ ಪೂರ್ತಿ ತೆರೆದಾಗ ಸಲೀಸಾಗಿ ಎಳೆದದ್ದು ಯಾವುದೋ ಅದನ್ನು ಹಾಕಿಬಿಡಿ. ಎರಡರ ನಡುವೆ ಅನುಮಾನವಿದ್ದರೆ ದೊಡ್ಡ ನಂಬರೇ ಇರಲಿ. ಟೂ ಸ್ಟ್ರೋಕ್ ಎಂಜಿನ್ ಪೂರ್ತಿ ಓಟದಲ್ಲಿ ಲೀನ್ ಆದರೆ ಪಿಸ್ಟನ್ ಸೀಜ್ ಆಗುತ್ತದೆ, ಓಡುತ್ತಿರುವಾಗಲೇ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ತುಸು ರಿಚ್ ಇದ್ದರೆ ಹೋಗುವುದು ಒಂದಿಷ್ಟು ಪೆಟ್ರೋಲ್ ಮಾತ್ರ.

ಈಗ ಸ್ಲೋ ಜೆಟ್ಟಿಗೆ ಬನ್ನಿ. ಎಂಜಿನ್ ಬಿಸಿ ಮಾಡಿ, ಸ್ಲೋ ಸ್ಕ್ರೂ ತುಸು ಏರಿಸಿ. ಏರ್ ಫಿಲ್ಟರ್ ಕಡೆಗಿರುವ ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ಕೂರಿಸಿ, ಬಿಗಿಯಬೇಡಿ, ತುದಿ ಮುರಿದೀತು. ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಇನ್ನು ಕಾಲು ಕಾಲು ಸುತ್ತು ಅತ್ತಿತ್ತ ತಿರುವಿ, ಎಂಜಿನ್ ಅತಿ ಹೆಚ್ಚು ಆರ್‌ಪಿಎಂನಲ್ಲಿ ಸ್ಥಿರವಾಗಿ ಓಡುವ ಜಾಗ ಹುಡುಕಿ. ಈ ಸ್ಕ್ರೂ ಗಾಳಿಯನ್ನು ನಿಯಂತ್ರಿಸುವಂಥದ್ದು: ಹೊರಗೆ ಬಂದಷ್ಟೂ ಲೀನ್, ಒಳಗೆ ಹೋದಷ್ಟೂ ರಿಚ್. ಎಂಜಿನ್ ಕಡೆಗೆ ಸ್ಕ್ರೂ ಇರುವ ಕೆಲವು ಕಾರ್ಬುರೇಟರ್‌ಗಳಲ್ಲಿ ಇದು ತಿರುಗುಮುರುಗು, ಜಾಗ ನೋಡಿಕೊಂಡು ಮುಟ್ಟಿ.

ಹದ ಸಿಕ್ಕ ಮೇಲೆ ಸುತ್ತು ಎಣಿಸಿ. ಒಂದು ಸುತ್ತಿಗಿಂತ ಒಳಗೆ ಹೋದಾಗಲೇ ಎಂಜಿನ್ ಸರಿ ಓಡುತ್ತಿದ್ದರೆ ಸ್ಲೋ ಜೆಟ್ ಚಿಕ್ಕದು, ಒಂದು ನಂಬರ್ ದೊಡ್ಡದು ಹಾಕಿ. ಎರಡೂವರೆ ಸುತ್ತು ದಾಟಿದರೂ ಸಾಲದಿದ್ದರೆ ಅದು ದೊಡ್ಡದು. ಸ್ಲೋ ಚೆನ್ನಾಗಿ ನಿಲ್ಲುತ್ತದೆ ಎಂದ ಮಾತ್ರಕ್ಕೆ ಸ್ಲೋ ಜೆಟ್ ಸರಿಯಿದೆ ಎಂದು ತೀರ್ಮಾನಿಸಬೇಡಿ. ಸ್ಲೋ ಸ್ಕ್ರೂ ಏರಿಸಿ ಯಾವ ಮಿಶ್ರಣವನ್ನೂ ನಿಲ್ಲಿಸಬಹುದು, ಸ್ಕ್ರೂ ಎಷ್ಟು ಸುತ್ತಿನಲ್ಲಿದೆ ಎಂಬುದೇ ನಿಜ ಹೇಳುತ್ತದೆ. ಲೀನ್ ತಡವರಿಕೆಗೆ ಒಂದು ಕಿವಿಮಾತು: ಅತಿ ಹೆಚ್ಚು ಆರ್‌ಪಿಎಂ ಸಿಕ್ಕ ಜಾಗದಿಂದ ಕಾಲು ಸುತ್ತು ಒಳಕ್ಕೆ ಹಾಕಿ ಓಡಿಸಿ ನೋಡಿ. ಎಷ್ಟೋ ಸಲ ತೊಂದರೆ ಇಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ ಸ್ಲೈಡ್ ಹೊರತೆಗೆದು ಕೈಯಲ್ಲಿ ಹಿಡಿದು ನೋಡಿ. ಏರ್ ಫಿಲ್ಟರ್ ಕಡೆಯ ಅದರ ಕೆಳ ಅಂಚನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಮಿಕುನಿ ಸ್ಲೈಡಿನಲ್ಲಿ 2.0, 2.5, 3.0 ಎಂಬಂತೆ ಒತ್ತಿರುವ ಅಂಕಿ ಆ ಕತ್ತರಿಕೆಯ ಎತ್ತರವನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ. ಅಂಕಿ ದೊಡ್ಡದಾದಷ್ಟೂ ಆರಂಭದಲ್ಲಿ ಗಾಳಿ ಹೆಚ್ಚು, ಅಂದರೆ ಲೀನ್. ದೊಡ್ಡ ಎಂಜಿನ್ನಿಗೆಂದು ಮಾಡಿದ ಕಾರ್ಬುರೇಟರನ್ನು 98 ಸಿಸಿಗೆ ಹಾಕಿದಾಗ ಬಹುಪಾಲು ತಪ್ಪುವುದು ಇದೇ ಭಾಗ, ಯಾರೂ ನೋಡದೆ ಬಿಡುವುದೂ ಇದನ್ನೇ. ನಿಮ್ಮದರಲ್ಲಿ 3.0 ಇದ್ದರೆ 2.5 ಹಾಕಿ ನೋಡಿ. ಒಮ್ಮೆಲೇ ತೆರೆದಾಗಿನ ಕುಸಿತಕ್ಕೆ ಇದರಷ್ಟು ನೇರ ಪರಿಹಾರ ಇನ್ನೊಂದಿಲ್ಲ. ಇರುವ ಸ್ಲೈಡನ್ನು ಅರದಿಂದ ಉಜ್ಜಲು ಹೋಗಬೇಡಿ. ಉಜ್ಜಿದರೆ ಇನ್ನೂ ಲೀನ್ ಆಗುವುದೇ ಹೊರತು ರಿಚ್ ಆಗದು.

ಕಡೆಗೆ ನೀಡಲ್. ಅದರ ತಲೆಯಲ್ಲಿ ಸಾಮಾನ್ಯವಾಗಿ ಐದು ಗೀರುಗಳಿದ್ದು, ಒಂದರಲ್ಲಿ ಕ್ಲಿಪ್ ಕೂತಿರುತ್ತದೆ. ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ನೀಡಲ್ ಮೇಲೇರುತ್ತದೆ, ಪೆಟ್ರೋಲ್ ಹೆಚ್ಚುತ್ತದೆ. ಟೇಪಿನ ಗುರುತಿನಲ್ಲಿ ಕಾಲು ದಾಟಿದ ಮೇಲೂ ತಡವರಿಕೆ ಉಳಿದಿದ್ದರೆ ಮಾತ್ರ ಇದನ್ನು ಮುಟ್ಟಿ, ಒಮ್ಮೆಗೆ ಒಂದೇ ಗೀರು.

ಜೆಟ್ ಕೊಳ್ಳುವಾಗ ಎಚ್ಚರ. ಒಂದು ಕಂಪನಿಯ ನಂಬರ್ ಇನ್ನೊಂದಕ್ಕೆ ಹೊಂದುವುದಿಲ್ಲ; ಮಿಕುನಿ ನಂಬರೇ ಬೇರೆ, ಕೈಹಿನ್ ನಂಬರೇ ಬೇರೆ. ನಕಲಿ ಜೆಟ್‌ಗಳಲ್ಲಿ ಬರೆದ ನಂಬರಿಗೂ ಒಳಗಿನ ತೂತಿಗೂ ತಾಳೆಯಿರುವುದಿಲ್ಲ. ಕಸ ಕಟ್ಟಿದ ಜೆಟ್ಟಿಗೆ ತಂತಿ, ಸೂಜಿ ಹಾಕಬೇಡಿ. ಹಿತ್ತಾಳೆ ಮೆದು, ಒಂದೇ ಸಲಕ್ಕೆ ತೂತು ದೊಡ್ಡದಾಗುತ್ತದೆ. ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು.

ಪೆಟ್ರೋಲೂ ಬದಲಾಗಿದೆ

ನಿಮ್ಮ ತಂದೆಯವರು ಓಡಿಸುತ್ತಿದ್ದಾಗಿನ ಪೆಟ್ರೋಲ್ ಈಗ ಪಂಪಿನಲ್ಲಿ ಸಿಗುವುದಿಲ್ಲ. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲೇ ಬಿಡುಗಡೆ ಮಾಡಲಾಯಿತು. ಮೊದಲು ಆಯ್ದ ಪಂಪುಗಳಲ್ಲಿದ್ದದ್ದು 2025ರ ಹೊತ್ತಿಗೆ ದೇಶದ ಎಲ್ಲೆಡೆ ಹರಡಿತು. ಶುದ್ಧ ಪೆಟ್ರೋಲ್ ಒಂದು ಕಿಲೋ ಉರಿಯಲು 14.7 ಕಿಲೋ ಗಾಳಿ ಬೇಕು, ಈ ಮಿಶ್ರಣಕ್ಕೆ ಸುಮಾರು 13.5 ಕಿಲೋ ಸಾಕು. ತಿರುವಿ ಹೇಳುವುದಾದರೆ, ಅಷ್ಟೇ ಗಾಳಿಗೆ ಶೇ 9ರಷ್ಟು ಹೆಚ್ಚು ಇಂಧನ ಬೇಕು. ಹೊಸ ಗಾಡಿಗಳ ಫ್ಯೂಯಲ್ ಇಂಜೆಕ್ಷನ್ ಇದನ್ನು ಸೆನ್ಸರ್ ನೋಡಿ ತಾನೇ ಹೊಂದಿಸಿಕೊಳ್ಳುತ್ತದೆ. ಜೆಟ್ಟಿನ ತೂತಿಗೆ ಆ ಅರಿವಿಲ್ಲ. ಹಳೆಯ ಪೆಟ್ರೋಲಿಗೆ ಹದಮಾಡಿದ ಪ್ರತಿ ಕಾರ್ಬುರೇಟರೂ ಇಂದು ಇದ್ದಲ್ಲೇ ಲೀನ್ ಆಗಿದೆ. ಕಂಪನಿ ಹೇಳಿದ ನಂಬರಿಗಿಂತ ಒಂದೆರಡು ಮೆಟ್ಟಿಲು ದೊಡ್ಡ ಜೆಟ್ ಬೇಕಾದರೆ ಗಾಬರಿಯಾಗಬೇಡಿ.

ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಫ್ಲೋಟ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಬಸಿದುಬಿಡಿ. ಪೆಟ್ರೋಲ್ ಪೈಪ್, ಬಟ್ಟಲಿನ ಗ್ಯಾಸ್ಕೆಟ್ ಮೆತ್ತಗಾಗಿದ್ದರೆ ಬದಲಿಸಿ.

ಆಯಿಲ್ ಪಂಪ್ ಮರೆಯಬೇಡಿ

ಆರ್‌ಎಕ್ಸ್‌ನಲ್ಲಿ ಹ್ಯಾಂಡಲಿನಿಂದ ಹೊರಟ ಕೇಬಲ್ ಕವಲೊಡೆದು ಒಂದು ಕಾರ್ಬುರೇಟರಿಗೆ, ಇನ್ನೊಂದು ಆಯಿಲ್ ಪಂಪಿಗೆ ಹೋಗುತ್ತದೆ. ಎಕ್ಸಲೇಟರ್ ತೆರೆದಷ್ಟೂ ಆಯಿಲ್ ಹೆಚ್ಚು ಬರಲಿ ಎಂಬುದು ಅದರ ಉದ್ದೇಶ. 28 ಎಂ.ಎಂ. ಕಾರ್ಬುರೇಟರಿನ ಸ್ಲೈಡ್ ಏರಬೇಕಾದ ದೂರ ಮೂಲಕ್ಕಿಂತ ಹೆಚ್ಚು, ಆದ್ದರಿಂದ ಎರಡರ ತಾಳ ತಪ್ಪುವುದು ಸಹಜ. ಪಂಪಿನ ಮೇಲಿನ ಗುರುತುಗಳು ಸರಿಯಾದ ತೆರವಿನಲ್ಲಿ ಸೇರುವಂತೆ ಕೇಬಲ್ ಹೊಂದಿಸಿಕೊಳ್ಳಿ. ಪಂಪ್ ತೆಗೆದುಹಾಕಿದ್ದರೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಅಳತೆಯನ್ನು ಪ್ರತಿ ಸಲ ಒಂದೇ ಇಡಿ. ಆಯಿಲ್ ಹೆಚ್ಚಿಸಿದಷ್ಟೂ ಅದೇ ಜೆಟ್ಟಿನಲ್ಲಿ ಇಳಿಯುವ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ಲೀನ್ ಆಗುತ್ತದೆ.

ಪ್ರತಿ ಬದಲಾವಣೆಯ ನಂತರ ಪ್ಲಗ್ ನೋಡಿ. ಕಾಫಿ ಬಣ್ಣ ಸರಿ. ಬೆಳ್ಳಗೆ ಸುಣ್ಣದಂತಿದ್ದರೆ ಲೀನ್, ಕಪ್ಪಾಗಿ ಒದ್ದೆಯಾಗಿದ್ದರೆ ರಿಚ್. ಈಗಿನ ಪೆಟ್ರೋಲಿನಲ್ಲಿ ಈ ಬಣ್ಣ ಮೊದಲಿನಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ, ಅದೊಂದನ್ನೇ ನಂಬಬೇಡಿ. ಹೊಗೆ ತಪಾಸಣೆ ಕೇಂದ್ರದ ಯಂತ್ರವೂ ನಿಮ್ಮ ನೆರವಿಗೆ ಬರುತ್ತದೆ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಸ್ಲೋನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 4.5. ನಿಮ್ಮ ಸ್ಲೋ ಮಿಶ್ರಣ ಆ ಮಿತಿಯಿಂದ ಎಷ್ಟು ಒಳಗಿದೆ ಎಂಬುದು ಕಾಗದದ ಮೇಲೆ ಬರುತ್ತದೆ, ಜೋಪಾನ ಮಾಡಿಟ್ಟುಕೊಳ್ಳಿ.

ಬೇರೆ ಗಾಡಿಯವರಿಗೆ ಎರಡು ಮಾತು

ಈ ರೋಗಕ್ಕೆ ಕಂಪನಿಗಳೂ ಹಲವು ಮದ್ದು ಕಂಡುಕೊಂಡವು. 1999ರಲ್ಲಿ ಬಂದ ಹೀರೋ ಹೋಂಡಾ ಸಿಬಿಝೆಡ್ ಕಾರ್ಬುರೇಟರಿನಲ್ಲಿ ಎಕ್ಸಲೇಟರ್ ತಿರುವಿದ ಕೂಡಲೇ ಒಂದು ಚಿಮ್ಮು ಪೆಟ್ರೋಲ್ ಹೆಚ್ಚುವರಿ ಹಾಕುವ ಚಿಕ್ಕ ಪಂಪ್ ಇತ್ತು. ಕಾರ್ಬುರೇಟರ್ ಕಾಲದ ಮಾರುತಿ 800ರಲ್ಲೂ ಇಂಥದೇ ಪಂಪ್ ಇದೆ. ಇಂಥ ಗಾಡಿ ತಡವರಿಸಿದರೆ ಎಂಜಿನ್ ನಿಲ್ಲಿಸಿ, ಕಾರ್ಬುರೇಟರಿನ ಬಾಯೊಳಗೆ ಇಣುಕಿ ಎಕ್ಸಲೇಟರ್ ಎಳೆಯಿರಿ. ತಕ್ಷಣ ಧಾರೆ ಚಿಮ್ಮದಿದ್ದರೆ ಪಂಪಿನ ರಬ್ಬರ್ ಪೊರೆ ಹರಿದಿದೆ ಅಥವಾ ದಾರಿ ಕಟ್ಟಿದೆ.

ರಾಯಲ್ ಎನ್‌ಫೀಲ್ಡ್‌ನ ಯುಸಿಇ 350ಯಂಥ ಗಾಡಿಗಳಲ್ಲಿ ಕೇಬಲ್ ಎಳೆಯುವುದು ಚಿಟ್ಟೆ ಕವಾಟವನ್ನು ಮಾತ್ರ. ಸ್ಲೈಡ್ ಎಂಜಿನ್ನಿನ ಎಳೆತಕ್ಕೆ ತಕ್ಕಂತೆ ತಾನಾಗಿ ಏರುವುದರಿಂದ ನೀವು ಎಷ್ಟು ಅವಸರ ಮಾಡಿದರೂ ಗಾಳಿಯ ವೇಗ ಕುಸಿಯುವುದಿಲ್ಲ. ಅಲ್ಲಿ ತಡವರಿಕೆ ಬಂದರೆ ಮೊದಲು ಆ ಸ್ಲೈಡಿನ ರಬ್ಬರ್ ಪೊರೆಯಲ್ಲಿ ತೂತಿದೆಯೇ ನೋಡಿ. ಎಸ್‌ಯು ಕಾರ್ಬುರೇಟರ್ ಇರುವ ಹಳೆಯ ಅಂಬಾಸಿಡರಿನಲ್ಲಿ ಪಿಸ್ಟನ್ ಬೇಗ ಏರದಂತೆ ತಡೆಯುವುದು ಅದರ ತಲೆಯೊಳಗಿನ ಆಯಿಲ್. ಅದು ಒಣಗಿದ್ದರೆ ಕಾರು ಎಕ್ಸಲೇಟರ್ ಒತ್ತಿದಾಗಲೆಲ್ಲ ಮುಗ್ಗರಿಸುತ್ತದೆ, ನಾಲ್ಕು ಹನಿ ಆಯಿಲ್ ಹಾಕಿದರೆ ಸರಿಹೋಗುತ್ತದೆ.

ಕೊನೆಗೆ, ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು. ಪೋರ್ಟ್ ಕೆಲಸ, ಬೇರೆ ಸೈಲೆನ್ಸರ್ ಮಾಡಿಸಿ ಪಂದ್ಯಕ್ಕೆ ಇಳಿಸುವ ಎಂಜಿನ್ನಿಗೆ 28 ಎಂ.ಎಂ. ಒಪ್ಪುತ್ತದೆ. ಅದು ಸದಾ ಮೇಲಿನ ಆರ್‌ಪಿಎಂನಲ್ಲೇ ಓಡುತ್ತದೆ. ನಿಮ್ಮ ಗಾಡಿ ಮೊಗ್ಗಿನ ಚೀಲ ಹೊತ್ತು ಊರೊಳಗೆ ನಿಂತು ಹೊರಡುತ್ತದೆ, ಹೊಳಲು ರಸ್ತೆಯ ಹಂಪ್ ಹತ್ತಿ ಇಳಿಯುತ್ತದೆ, ಲಾರಿ ಹಿಂದೆ ಕಾದು ಮುನ್ನುಗ್ಗುತ್ತದೆ. ಇಂಥ ಓಡಾಟಕ್ಕೆ ಕೆಳಗಿನ ಎಳೆತವೇ ಮುಖ್ಯ. ಎದುರಿನಿಂದ ಬಸ್ಸು ಬರುತ್ತಿರುವಾಗ ಒಂದು ಕ್ಷಣ ಸಾಯುವ ಗಾಡಿ ಜೀವಕ್ಕೇ ಅಪಾಯ. ಸರಿಹೋಗುವವರೆಗೆ ಅದರಲ್ಲಿ ಲಾರಿ ಹಿಂದಿಕ್ಕಬೇಡಿ. ಮೇಲೆ ಹೇಳಿದ ಕ್ರಮದಲ್ಲಿ ಸ್ಲೋ ಜೆಟ್, ಸ್ಲೈಡ್, ನೀಡಲ್ ಮೂರನ್ನೂ ಹೊಂದಿಸಿದ ಮೇಲೂ ತಡವರಿಕೆ ಉಳಿದರೆ ಹಟ ಮಾಡದೆ 24 ಎಂ.ಎಂ.ಗೆ ಇಳಿಯಿರಿ. ಎಂಜಿನ್ ಒಳಗೆ ಏನೂ ಬದಲಿಸಿಲ್ಲವಾದರೆ ಹಳೆಯ 20 ಎಂ.ಎಂ. ಮಿಕುನಿಯನ್ನೇ ತೊಳೆದು, ಈಗಿನ ಪೆಟ್ರೋಲಿಗೆ ತಕ್ಕ ಜೆಟ್ ಹಾಕಿ ಕೂರಿಸಿ. ಅದನ್ನು ಮಾರಿಲ್ಲವೆಂದು ನಂಬಿದ್ದೇನೆ. ಮಾರಿಲ್ಲದಿದ್ದರೆ ಇನ್ನು ಮುಂದೆಯೂ ಮಾರಬೇಡಿ.